ವೆಬ್‌ಸೈಟಿನ ವಿಡಿಯೊ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

"ವಿಡಿಯೊ ಚಾಲೂನೇ ಆಗವಲ್ದ್ರಿ." ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಂಗಡಿ, ದಾಲ್ ಮಿಲ್, ಲಾಡ್ಜುಗಳ ವೆಬ್‌ಸೈಟ್ ನೋಡಿಕೊಳ್ಳುವವರು ಆಗಾಗ ಕೇಳುವ ಮಾತು ಇದು. ಮಾತು ಒಂದೇ, ಕಾಯಿಲೆ ಹಲವು. ಒಬ್ಬರಿಗೆ ಪರದೆ ಕಪ್ಪಾಗಿರುತ್ತದೆ. ಇನ್ನೊಬ್ಬರಿಗೆ ಚಕ್ರ ಸುಮ್ನೆ ತಿರುಗುತ್ತಿರುತ್ತದೆ. ಮತ್ತೊಬ್ಬರಿಗೆ ಎಲ್ಲ ಕಡೆ ಸರಿ, ಐಫೋನಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ.

ಹೆಚ್ಚಿನವರು ಮೊದಲು ಮಾಡುವ ಕೆಲಸ ಫೈಲ್ ಅಳಿಸಿ ಅದನ್ನೇ ಮತ್ತೆ ಹಾಕುವುದು. ಅದೇ ಫೈಲ್ ಹಾಕಿದರೆ ಅದೇ ದೋಷ ಬರುತ್ತದೆ, ಅಲ್ವಾ? ಆಮೇಲೆ ಪ್ಲಗಿನ್ ಬದಲಾಯಿಸುತ್ತಾರೆ, ಥೀಮ್ ಬದಲಾಯಿಸುತ್ತಾರೆ. ಮೂಲ ದೋಷ ಹಾಗೇ ಉಳಿದು ಹೊಸದೊಂದು ಸೇರಿಕೊಳ್ಳುತ್ತದೆ. ಅದಕ್ಕೇ ಏನನ್ನೂ ಮುಟ್ಟುವ ಮೊದಲು ತಪ್ಪು ಫೈಲಿನಲ್ಲಿದೆಯೋ, ಸರ್ವರ್‌ನಲ್ಲಿದೆಯೋ, ಪುಟದಲ್ಲಿದೆಯೋ, ನೋಡುವವರ ಫೋನಿನಲ್ಲಿದೆಯೋ ಎಂದು ಗೊತ್ತು ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲು ಗಿರಾಕಿಯ ಫೋನಿನಲ್ಲಿ ನೋಡಿ

ಅಂಗಡಿಯ ವೈಫೈಯಲ್ಲಿ, ಮಾಲೀಕರ ಕಂಪ್ಯೂಟರಿನಲ್ಲಿ ವಿಡಿಯೊ ಓಡಿತು ಅಂದರೆ ಅದು ಪರೀಕ್ಷೆಯೇ ಅಲ್ಲ. ಅಲ್ಲಿ ಫೈಬರ್ ಲೈನ್ ಇರುತ್ತದೆ. ಜೊತೆಗೆ ಒಮ್ಮೆ ನೋಡಿದ ವಿಡಿಯೊವನ್ನು ಬ್ರೌಸರ್ ತನ್ನಲ್ಲೇ ಉಳಿಸಿಕೊಂಡಿರುತ್ತದೆ. ನಿಮ್ಮ ಗಿರಾಕಿ ಹುಮನಾಬಾದ್ ದಾಟಿದ ಬಸ್ಸಿನಲ್ಲಿ ಕೂತು, ಹತ್ತು ಸಾವಿರದ ಫೋನಿನಲ್ಲಿ, ಬರುತ್ತಾ ಹೋಗುತ್ತಾ ಇರುವ ಸಿಗ್ನಲ್‌ನಲ್ಲಿ ನೋಡುತ್ತಿರಬಹುದು. ಹಾಗಾಗಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಒಂದು ಸಾಧಾರಣ ಆಂಡ್ರಾಯ್ಡ್, ಒಂದು ಐಫೋನ್, ಎರಡರಲ್ಲೂ ನೋಡಿ. ಐಫೋನ್ ಇಲ್ಲದಿದ್ದರೆ ಯಾರದಾದರೂ ಕೇಳಿ ತೆಗೆದುಕೊಳ್ಳಿ. ಅದಿಲ್ಲದೆ ಪರೀಕ್ಷೆ ಪೂರ್ತಿ ಆಗುವುದಿಲ್ಲ.

ದೂರು ಕೊಟ್ಟವರಿಂದ ಒಂದು ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಯಾವ ಫೋನ್, ಯಾವ ಬ್ರೌಸರ್, ವೈಫೈಯೋ ಡೇಟಾವೋ ಎಂದೂ ಕೇಳಿ. "ಬರೇ ತಿರಗ್ಲತ್ತದರಿ" ಅನ್ನುವುದಕ್ಕೂ "ಕಪ್ಪು ಕಾಣ್ತದರಿ" ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗ ದೋಷದ ಜಾಗವನ್ನು ಎರಡು ಪಾಲು ಮಾಡುವ ಪರೀಕ್ಷೆ. ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಅದರ ವಿಳಾಸ ಕಾಪಿ ಮಾಡಿ. ಆ ವಿಳಾಸವೊಂದನ್ನೇ ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ಅಲ್ಲಿ ಚೆನ್ನಾಗಿ ಓಡಿದರೆ ಆ ಕಂಪ್ಯೂಟರಿನ ಮಟ್ಟಿಗೆ ಫೈಲೂ ಸರ್ವರೂ ಸರಿ ಇವೆ, ತಪ್ಪು ಬಹುಪಾಲು ಪುಟದಲ್ಲಿರುತ್ತದೆ. ಅಲ್ಲೂ ಓಡದಿದ್ದರೆ ಮೊದಲೇ ಪುಟವನ್ನು ಮುಟ್ಟಬೇಡಿ. ತಪ್ಪು ಬಹುಪಾಲು ಫೈಲಿನಲ್ಲಿ ಅಥವಾ ಸರ್ವರ್‌ನಲ್ಲಿರುತ್ತದೆ. ಇದಕ್ಕೆ ಒಂದು ನಿಮಿಷವೂ ಬೇಡ, ಆದರೆ ಇಡೀ ದಿನದ ಒದ್ದಾಟ ಉಳಿಯುತ್ತದೆ.

ದನಿ ಕೇಳುತ್ತದೆ, ಚಿತ್ರ ಬರುವುದಿಲ್ಲ

ಇದು ಬಹುಪಾಲು ಕೋಡೆಕ್ ದೋಷ. ಕೋಡೆಕ್ ಅಂದರೆ ಚಿತ್ರವನ್ನು, ದನಿಯನ್ನು ಹಿಂಡಿ ಚಿಕ್ಕದು ಮಾಡಿ ಮತ್ತೆ ಬಿಡಿಸುವ ಬಗೆ. 2017ರಲ್ಲಿ ಬಂದ ಐಓಎಸ್ 11ರ ನಂತರ ಹೊಸ ಐಫೋನುಗಳು ಜಾಗ ಉಳಿಸಲು ವಿಡಿಯೊವನ್ನು ಎಚ್‌ಇವಿಸಿ, ಅಂದರೆ ಎಚ್.265 ಬಗೆಯಲ್ಲಿ ಉಳಿಸುತ್ತವೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಈ ಆಯ್ಕೆ ಇದೆ. ಇದನ್ನು ಬಿಡಿಸಿ ತೋರಿಸುವ ಶಕ್ತಿ ಎಲ್ಲ ಫೋನುಗಳಿಗೆ, ಎಲ್ಲ ಬ್ರೌಸರುಗಳಿಗೆ ಇರುವುದಿಲ್ಲ. ದನಿ ಬೇರೆ ಕೋಡೆಕ್‌ನಲ್ಲಿ ಇರುವುದರಿಂದ ಅದು ಕೇಳುತ್ತದೆ. ಚಿತ್ರ ಕಪ್ಪಾಗಿ ಉಳಿಯುತ್ತದೆ. ಮಾಲೀಕರ ಹೊಸ ಫೋನಿನಲ್ಲಿ ಓಡಿ ಗಿರಾಕಿಯ ಹಳೇ ಕಂಪ್ಯೂಟರಿನಲ್ಲಿ ಓಡದಿರಲು ಇದೇ ಕಾರಣ.

ಖಚಿತ ಮಾಡಿಕೊಳ್ಳುವುದು ಸುಲಭ. ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿ. ಕೋಡೆಕ್ ವಿವರ ಬರುತ್ತದೆ. ಅಲ್ಲಿ ಎಚ್.264 ಮತ್ತು ಎಎಸಿ ಎಂದಿದ್ದರೆ ಫೈಲ್ ಎಲ್ಲ ಕಡೆ ಓಡುವ ಬಗೆಯದು. ಎಚ್‌ಇವಿಸಿ ಎಂದಿದ್ದರೆ ದೋಷ ಸಿಕ್ಕಿತು. ಒಂದು ಎಚ್ಚರಿಕೆ: ಫೈಲಿನ ಹೆಸರಿನ ಕೊನೆಯನ್ನು ಎಂಓವಿಯಿಂದ ಎಂಪಿ4ಗೆ ಬದಲಾಯಿಸಿದರೆ ಏನೂ ಆಗುವುದಿಲ್ಲ. ಹೊರಗಿನ ಹೆಸರು ಬದಲಾಗುತ್ತದೆ, ಒಳಗಿರುವುದು ಅದೇ.

ಮದ್ದು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಫೈಲ್ ತೆರೆದು "ಫಾಸ್ಟ್ 720ಪಿ30" ಪ್ರಿಸೆಟ್ ಆರಿಸಿ. ಫಾರ್ಮ್ಯಾಟ್ ಎಂಪಿ4, ವಿಡಿಯೊ ಎಚ್.264, ದನಿ ಎಎಸಿ ಇದೆಯೇ ನೋಡಿ. ಅಲ್ಲೇ "ವೆಬ್ ಆಪ್ಟಿಮೈಸ್ಡ್" ಎಂಬ ಚಿಕ್ಕ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಅದು ಯಾಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ಮುಂದಿನ ಶೂಟಿಂಗಿಗೆ ಮೊದಲು ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿಟ್ಟರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಚಕ್ರ ತಿರುಗುತ್ತಲೇ ಇರುತ್ತದೆ

ಇದಕ್ಕೆ ಕಾರಣ ಮುಖ್ಯವಾಗಿ ಎರಡು. ಮೊದಲನೆಯದು ತೂಕ. ಐಫೋನಿನಲ್ಲಿ 4ಕೆ, 30 ಫ್ರೇಮ್, ಹೆಚ್ಚು ಹೊಂದಿಕೊಳ್ಳುವ ಬಗೆಯಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 350 ಎಂಬಿ ಆಗುತ್ತದೆ. 1080ಪಿ ಆದರೂ ಸುಮಾರು 130 ಎಂಬಿ. ಅದನ್ನು ಹಾಗೇ ಸೈಟಿಗೆ ಹಾಕಿದರೆ ಊರಿನ ಡೇಟಾದಲ್ಲಿ ಹೇಗೆ ಓಡಬೇಕು? ಸೆಕೆಂಡಿಗೆ 2 ಮೆಗಾಬಿಟ್ ದರಕ್ಕೆ ಇಳಿಸಿದರೆ ನಿಮಿಷಕ್ಕೆ ಸುಮಾರು 15 ಎಂಬಿ ಸಾಕು. ಫೋನಿನ ಪರದೆಯಲ್ಲಿ 720ಪಿ ವಿಡಿಯೊ ಈ ದರದಲ್ಲಿ ಚೆನ್ನಾಗೇ ಕಾಣುತ್ತದೆ. ಗಿರಾಕಿಯ ಲೈನ್ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಕೊಡುತ್ತಿದ್ದರೆ ಅದೂ ನಿಂತು ನಿಂತು ಓಡುತ್ತದೆ, ನಿಜ. ಆದರೆ ಮೂಲ ಫೈಲ್ ಆಗಿದ್ದರೆ ಅದು ಶುರುವಾಗುವುದೇ ಕಷ್ಟ.

ಎರಡನೆಯದು ಕಣ್ಣಿಗೆ ಕಾಣದ ದೋಷ. ಹೆಚ್ಚು ಜನ ಎಡವುವುದು ಇಲ್ಲೇ. ಎಂಪಿ4 ಫೈಲಿನೊಳಗೆ "ಮೂವ್" ಎಂಬ ಒಂದು ಭಾಗ ಇರುತ್ತದೆ. ಯಾವ ಫ್ರೇಮ್ ಎಲ್ಲಿದೆ, ದನಿ ಎಲ್ಲಿದೆ ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಕ್ಯಾಮೆರಾ ಶೂಟಿಂಗ್ ಮುಗಿದ ಮೇಲೆ ಅದನ್ನು ಬರೆಯುವುದರಿಂದ ಅದು ಫೈಲಿನ ಕೊನೆಗೆ ಹೋಗಿ ಕೂರುತ್ತದೆ. ಪರಿವಿಡಿಯನ್ನು ಕೊನೇ ಪುಟದಲ್ಲಿ ಅಚ್ಚು ಹಾಕಿದ ಪುಸ್ತಕದ ಹಾಗೆ. ಬ್ರೌಸರಿಗೆ ಅದು ಸಿಗುವವರೆಗೆ ಒಂದು ಫ್ರೇಮನ್ನೂ ತೋರಿಸಲು ಆಗುವುದಿಲ್ಲ. ಸರ್ವರ್ ಒಳ್ಳೆಯದಿದ್ದರೆ ಬ್ರೌಸರ್ ನೇರ ಕೊನೆಗೆ ಹಾರಿ ಅದನ್ನು ತಂದುಕೊಳ್ಳುತ್ತದೆ, ಒಂದಿಷ್ಟು ತಡವಾಗುತ್ತದೆ. ಇಲ್ಲದಿದ್ದರೆ ಇಡೀ ಫೈಲ್ ಇಳಿಯುವವರೆಗೆ ಚಕ್ರ ತಿರುಗುತ್ತದೆ. "ವೆಬ್ ಆಪ್ಟಿಮೈಸ್ಡ್" ಚೌಕಕ್ಕೆ ಟಿಕ್ ಹಾಕಿದಾಗ ಆ ಭಾಗ ಫೈಲಿನ ಮೊದಲಿಗೆ ಬರುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸುವವರಿಗೆ ಇದೇ ಕೆಲಸದ "ಫಾಸ್ಟ್‌ಸ್ಟಾರ್ಟ್" ಆಯ್ಕೆ ಗೊತ್ತಿರುತ್ತದೆ.

ಹೇಗೆ ಗುರುತಿಸುವುದು? ಚಿಕ್ಕ ಫೈಲ್ ಆಗಿದ್ದೂ ಶುರುವಾಗಲು ತಡ ಮಾಡಿ, ಶುರುವಾದ ಮೇಲೆ ಎಲ್ಲೂ ನಿಲ್ಲದೆ ಸರಾಗವಾಗಿ ಓಡಿದರೆ ಮೂವ್ ಕೊನೆಯಲ್ಲಿದೆ ಎಂದು ಅನುಮಾನ ಪಡಿ. ಬೇಗ ಶುರುವಾಗಿ ನಡುನಡುವೆ ನಿಂತರೆ ಅದು ತೂಕದ ದೋಷ.

ಐಫೋನಿನಲ್ಲಿ ಮಾತ್ರ ಇಲ್ಲ

ಐಫೋನಿನ ಸಫಾರಿ ಬ್ರೌಸರಿಗೆ ಒಂದು ಹಟ ಇದೆ. ಅದು ವಿಡಿಯೊವನ್ನು ತುಂಡು ತುಂಡಾಗಿ ಕೇಳುತ್ತದೆ. ಇದಕ್ಕೆ ಬೈಟ್ ರೇಂಜ್ ಎನ್ನುತ್ತಾರೆ. ಮೊದಲು ಬರೇ ಎರಡು ಬೈಟ್ ಕೇಳಿ ಸರ್ವರ್ ಹೇಗೆ ಉತ್ತರಿಸುತ್ತದೆ ಎಂದು ನೋಡುತ್ತದೆ. ಸರ್ವರ್ "206" ಎಂಬ ಉತ್ತರದ ಜೊತೆ ಆ ತುಂಡನ್ನಷ್ಟೇ ಕೊಡಬೇಕು. "200" ಎಂದು ಹೇಳಿ ಇಡೀ ಫೈಲನ್ನು ಸುರಿದರೆ ಸಫಾರಿ ಓಡಿಸುವುದೇ ಇಲ್ಲ. ಕ್ರೋಮ್ ಇಷ್ಟು ಕಟ್ಟುನಿಟ್ಟಿಲ್ಲ, ಅದಕ್ಕೇ ಆಂಡ್ರಾಯ್ಡ್‌ನಲ್ಲಿ ಸರಿ ಇರುತ್ತದೆ.

ಇದನ್ನು ಕಂಪ್ಯೂಟರಿನಲ್ಲೇ ನೋಡಬಹುದು. ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿಗೆ ಹೋಗಿ, ಮೀಡಿಯಾ ಆರಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ ವಿಡಿಯೊ ಓಡಿಸಿ. ವಿಡಿಯೊ ಫೈಲಿನ ಸಾಲಿನಲ್ಲಿ 206 ಕಂಡರೆ ಸರ್ವರ್ ಸರಿ. ಅದೇ ಸಾಲನ್ನು ಒತ್ತಿ ಫೈಲಿನ ಬಗೆ "ವಿಡಿಯೊ ಎಂಪಿ4" ಎಂದಿದೆಯೇ ಎಂದೂ ನೋಡಿ. ಬೇರೆ ಏನಾದರೂ ಇದ್ದರೆ, ಇಲ್ಲವೇ 200 ಮಾತ್ರ ಬರುತ್ತಿದ್ದರೆ, ಹೋಸ್ಟಿಂಗ್ ಕಂಪನಿಗೆ ಪತ್ರ ಬರೆಯಿರಿ. "ವಿಡಿಯೊ ಬರುತ್ತಿಲ್ಲ" ಎಂದು ಬರೆದರೆ ಉತ್ತರ ಅಲ್ಲಿ ಇಲ್ಲಿ ಅಲೆಯುತ್ತದೆ. "ಎಂಪಿ4 ಫೈಲಿಗೆ ಬೈಟ್ ರೇಂಜ್ ಸಿಗುತ್ತಿಲ್ಲ" ಎಂದು ಬರೆದರೆ ಕೆಲಸ ಗೊತ್ತಿರುವವರ ಕೈಗೆ ಬೇಗ ಹೋಗುತ್ತದೆ.

ಐಫೋನಿನಲ್ಲಿ ವಿಡಿಯೊ ಓಡುತ್ತದೆ, ಆದರೆ ಪುಟ ಬಿಟ್ಟು ಪೂರ್ತಿ ಪರದೆಗೆ ಹಾರುತ್ತದೆ ಎಂದರೆ ಪುಟದ ಕೋಡಿನಲ್ಲಿರುವ ವಿಡಿಯೊ ಟ್ಯಾಗ್‌ನಲ್ಲಿ "ಪ್ಲೇಸ್‌ಇನ್‌ಲೈನ್" (playsinline) ಸೇರಿಸಬೇಕು.

ತಾನಾಗಿ ಓಡುವುದಿಲ್ಲ

ಆಟೋಪ್ಲೇ ವಿಷಯದಲ್ಲಿ ಇದು ದೋಷವಲ್ಲ, ಬ್ರೌಸರಿನ ನಿಯಮ. 2018ರಿಂದ ಕ್ರೋಮ್ ದನಿ ಇರುವ ವಿಡಿಯೊವನ್ನು ಸಾಮಾನ್ಯವಾಗಿ ತಾನಾಗಿ ಓಡಲು ಬಿಡುವುದಿಲ್ಲ. ಸಫಾರಿಯದೂ ಅದೇ ನಿಲುವು. ಅದೇ ವಿಡಿಯೊ ಟ್ಯಾಗ್‌ನಲ್ಲಿ "ಮ್ಯೂಟೆಡ್" ಸೇರಿಸಿದರೆ ಓಡುತ್ತದೆ. ಐಫೋನ್ ಲೋ ಪವರ್ ಮೋಡ್‌ನಲ್ಲಿದ್ದರೆ ಆಗಲೂ ಓಡದಿರಬಹುದು. ಅದಕ್ಕೇ "ಪೋಸ್ಟರ್" ಎಂಬ ಮುಖಚಿತ್ರವನ್ನು ಕಡ್ಡಾಯವಾಗಿ ಹಾಕಿ. ವಿಡಿಯೊ ಓಡದಿದ್ದರೂ ಅಲ್ಲಿ ಒಳ್ಳೆಯ ಚಿತ್ರ ಇರಬೇಕು. ದನಿ ಜೊತೆ ತಾನಾಗಿ ಕೂಗುವ ವಿಡಿಯೊ ಬೇಕು ಎಂದು ಹಟ ಹಿಡಿಯುವ ಮಾಲೀಕರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಕಚೇರಿಯಲ್ಲಿ ಕೂತು ನೋಡುವ ಗಿರಾಕಿ ಮೊದಲು ಒತ್ತುವುದು ಬ್ಯಾಕ್ ಗುಂಡಿಯನ್ನೇ.

ನಮ್ಮ ಕಂಪ್ಯೂಟರಿನಲ್ಲಿ ಸರಿ, ಸೈಟಿನಲ್ಲಿ ಇಲ್ಲ

ಎಫ್12ರ ಅದೇ ಪಟ್ಟಿಯಲ್ಲಿ 404 ಕಂಡರೆ ಫೈಲ್ ಆ ವಿಳಾಸದಲ್ಲಿಲ್ಲ. ಬಹಳ ಸಲ ಕಾರಣ ಅಕ್ಷರದ ಗಾತ್ರ. ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಸೈಟ್ ಇರುವ ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ. ಕ್ಯಾಮೆರಾ ಹೆಸರಿನ ಕೊನೆಯನ್ನು ದೊಡ್ಡಕ್ಷರದಲ್ಲಿ ಕೊಟ್ಟಿರುತ್ತದೆ, ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ. ಹೆಸರಿನಲ್ಲಿ ಖಾಲಿ ಜಾಗ, ಆವರಣ ಚಿಹ್ನೆ ಇದ್ದರೂ ತೊಂದರೆ. ಸಣ್ಣ ಇಂಗ್ಲಿಷ್ ಅಕ್ಷರ, ಅಂಕೆ, ನಡುಗೆರೆ ಇಷ್ಟೇ ಬಳಸಿ.

403 ಕಂಡರೆ ಅನುಮತಿಯ ತಕರಾರು. ಹೋಸ್ಟಿಂಗ್‌ನಲ್ಲಿ ಹಾಟ್‌ಲಿಂಕ್ ತಡೆ (ಬೇರೆ ಸೈಟಿನವರು ನಿಮ್ಮ ಫೈಲನ್ನು ತಮ್ಮಲ್ಲಿ ತೋರಿಸದ ಹಾಗೆ ಮಾಡುವುದು) ಹಾಕಿ ನಿಮ್ಮದೇ ಸೈಟಿನ ಹೆಸರನ್ನು ಸೇರಿಸಲು ಮರೆತಿದ್ದಾರೆಯೇ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಫೈಲ್ ಹತ್ತುವುದೇ ಇಲ್ಲ ಎಂದರೆ ಸರ್ವರ್‌ನಲ್ಲಿ ಸೈಟನ್ನು ನಡೆಸುವ ಪಿಎಚ್‌ಪಿಯ ಅಪ್‌ಲೋಡ್ ಮಿತಿ ಅಡ್ಡ ಬಂದಿರುತ್ತದೆ. ಮಿತಿ ಏರಿಸುವ ಮೊದಲು ಫೈಲಿನ ತೂಕ ಇಳಿಸಿ. ಇಷ್ಟು ದೊಡ್ಡದು ಹತ್ತಿದರೂ ಗಿರಾಕಿಗೆ ಇಳಿಯುವುದಿಲ್ಲ. ಹೊಸ ವಿಡಿಯೊ ಹಾಕಿದರೂ ಹಳೆಯದೇ ಬರುತ್ತಿದ್ದರೆ ಅದು ಕ್ಯಾಶ್, ಅಂದರೆ ಮೊದಲೇ ಉಳಿಸಿಟ್ಟುಕೊಂಡ ಹಳೇ ಪ್ರತಿ. ಹೊಸ ಫೈಲಿಗೆ ಹೊಸ ಹೆಸರು ಕೊಟ್ಟರೆ ಮುಗಿಯಿತು.

ಯೂಟ್ಯೂಬ್ ಕೂಡಿಸಿದ್ದು ಬರುತ್ತಿಲ್ಲ

ಉದ್ದದ ವಿಡಿಯೊಗೆ ಯೂಟ್ಯೂಬೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಒಂದೇ ವಿಡಿಯೊವನ್ನು ಹಲವು ಗುಣಮಟ್ಟದಲ್ಲಿ ಇಟ್ಟುಕೊಂಡು, ಲೈನ್ ನೋಡಿ ಏರಿಸುತ್ತದೆ, ಇಳಿಸುತ್ತದೆ. ಸಾಮಾನ್ಯ ಹೋಸ್ಟಿಂಗ್‌ಗೆ ಅದು ಆಗುವ ಮಾತಲ್ಲ. ಹತ್ತು ಹದಿನೈದು ಸೆಕೆಂಡಿನ, ದನಿಯಿಲ್ಲದ ತುಣುಕು ಮಾತ್ರ ನಿಮ್ಮ ಸರ್ವರ್‌ನಲ್ಲಿರಲಿ.

"ವಿಡಿಯೊ ಲಭ್ಯವಿಲ್ಲ" ಎಂದು ಬಂದರೆ ಮೊದಲು ಅದು ಪ್ರೈವೇಟ್ ಆಗಿದೆಯೇ ನೋಡಿ. ಚಾನೆಲಿನಲ್ಲಿ ಕಾಣಬಾರದು, ಸೈಟಿನಲ್ಲಿ ಮಾತ್ರ ಕಾಣಬೇಕು ಎಂದರೆ "ಅನ್‌ಲಿಸ್ಟೆಡ್" ಇಡಬೇಕು. ಯೂಟ್ಯೂಬ್ ಸ್ಟುಡಿಯೊದ ವಿವರಗಳಲ್ಲಿ ಎಂಬೆಡಿಂಗ್, ಅಂದರೆ ಬೇರೆ ಸೈಟಿನಲ್ಲಿ ಕೂಡಿಸುವ ಅನುಮತಿಗೆ ಟಿಕ್ ಇರಬೇಕು. ವಯಸ್ಸಿನ ನಿರ್ಬಂಧ ಬಿದ್ದ ವಿಡಿಯೊ ಬೇರೆ ಸೈಟಿನಲ್ಲಿ ಓಡುವುದಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದ್ದರೆ ಕಾಪಿರೈಟ್ ಹಕ್ಕಿನವರು ಅದನ್ನು ತಡೆದಿರಬಹುದು. ಮುಗಿದ ಮೇಲೆ ಪಕ್ಕದ ಅಂಗಡಿಯ ವಿಡಿಯೊ ತೋರಿಸುತ್ತದೆ ಎಂಬ ದೂರಿಗೆ, ವಿಳಾಸದ ಕೊನೆಗೆ "ರೆಲ್" ಸೊನ್ನೆ (rel=0) ಎಂದು ಸೇರಿಸಿ. 2018ರಿಂದ ಇದು ಸಲಹೆಗಳನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಮ್ಮದೇ ಚಾನೆಲಿನ ವಿಡಿಯೊಗಳನ್ನು ತೋರಿಸುತ್ತದೆ. ನಮಗೆ ಅಷ್ಟು ಸಾಕು.

ಒಂದೇ ಪುಟದಲ್ಲಿ ಐದಾರು ಯೂಟ್ಯೂಬ್ ಚೌಕಗಳಿದ್ದರೆ ಪುಟವೇ ಏಳುವುದಿಲ್ಲ. ಯಾರೂ ಒತ್ತದಿದ್ದರೂ ಪ್ರತಿಯೊಂದೂ ತನ್ನ ಸ್ಕ್ರಿಪ್ಟನ್ನು ಇಳಿಸಿಕೊಳ್ಳುತ್ತದೆ. ಮೊದಲು ಚಿತ್ರ ಮಾತ್ರ ತೋರಿಸಿ, ಒತ್ತಿದ ಮೇಲೆ ಪ್ಲೇಯರ್ ತರುವ ಪ್ಲಗಿನ್ ಬಳಸಿ.

ಓಡುತ್ತದೆ, ಆದರೆ ನೋಡಲು ಚೆನ್ನಾಗಿಲ್ಲ

ಅಂಗಡಿಯೊಳಗೆ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿಯುವುದನ್ನು ನೋಡಿರುತ್ತೀರಿ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 30 ಫ್ರೇಮ್‌ನ ವಿಡಿಯೊಗೂ ಈ ಮಿನುಗಿಗೂ ತಾಳೆಯಾಗುವುದಿಲ್ಲ. ಫೋನಿನಲ್ಲಿ 25 ಫ್ರೇಮ್ ಆರಿಸಿ. ಐಫೋನಿನಲ್ಲಿ ಅದಕ್ಕೆ ಮೊದಲು ಪಾಲ್ ಫಾರ್ಮ್ಯಾಟ್ ಆನ್ ಮಾಡಬೇಕು. ಪ್ರೊ ಮೋಡ್ ಇದ್ದರೆ ಶಟರ್ ಅನ್ನು ಐವತ್ತನೇ ಒಂದು ಅಥವಾ ನೂರನೇ ಒಂದು ಸೆಕೆಂಡಿಗೆ ನಿಲ್ಲಿಸಿ. ಆಗಲೂ ಹೋಗದಿದ್ದರೆ ಸಾಮಾನನ್ನು ಬಾಗಿಲ ಬೆಳಕಿಗೆ ತನ್ನಿ.

ಬಿದ್ರಿ ಸಾಮಾನಿಗೆ ಬೇರೆಯೇ ತೊಂದರೆ. ಹೂಜಿಯ ಮೈ ಕಡುಗಪ್ಪು, ಅದರ ಮೇಲೆ ಬೆಳ್ಳಿಯ ತಂತಿ. ಫೋನಿನ ಕ್ಯಾಮೆರಾ ಕಪ್ಪನ್ನು ಕಂಡು "ಕತ್ತಲೆ ಇದೆ" ಎಂದುಕೊಂಡು ಬೆಳಕು ಏರಿಸುತ್ತದೆ. ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿ ಬಿಳಿ ಚುಕ್ಕೆಯಾಗಿ ಸುಟ್ಟುಹೋಗುತ್ತದೆ. ಪರದೆಯ ಮೇಲೆ ಬೆಳ್ಳಿ ಇರುವ ಜಾಗವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಬೆರಳಿನಿಂದ ಕೆಳಗೆ ಎಳೆಯಿರಿ. ಹೂಜಿಯನ್ನು ನಿಧಾನವಾಗಿ ತಿರುಗಿಸಿದರೆ ಹೂಬಳ್ಳಿಯ ಒಂದೊಂದು ಎಳೆಯೂ ಹೊಳೆದು ಮುಂದೆ ಸಾಗುತ್ತದೆ. ಫೋಟೊದಲ್ಲಿ ಇದು ಸಿಗುವುದಿಲ್ಲ.

ಮಸುಕು ವಿಡಿಯೊಗೆ ಇನ್ನೊಂದು ಕಾರಣ ವಾಟ್ಸಾಪ್. ಶೂಟಿಂಗ್ ಮಾಡಿದವರು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಹಿಂಡಿ ಚಿಕ್ಕದಾಗುತ್ತದೆ. ಅದನ್ನು ಮತ್ತೆ ಹ್ಯಾಂಡ್‌ಬ್ರೇಕಿಗೆ ಹಾಕಿದರೆ ಇನ್ನೂ ಕೆಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಇನ್ನು ದನಿ. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಆಫ್ ಮಾಡಿ ಎಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಆದರೂ ಮಾತು ರೆಕಾರ್ಡ್ ಆಗುವಷ್ಟು ಹೊತ್ತು ನಿಲ್ಲಿಸಲೇಬೇಕು. ಕಾಲರ್ ಮೈಕ್ ಇದ್ದರೆ ಅರ್ಧ ತೊಂದರೆ ಕಡಿಮೆ.

ಕನ್ನಡ ಸಬ್‌ಟೈಟಲ್ ಗೊಂದಲವಾಗಿ ಕಾಣುತ್ತದೆ

ಬಹಳ ಜನ ದನಿ ಮುಚ್ಚಿಕೊಂಡೇ ನೋಡುವುದರಿಂದ ಸಬ್‌ಟೈಟಲ್ ಬೇಕೇಬೇಕು. ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳು ಬಂದರೆ, ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದಾರೆ ಎಂದರ್ಥ. ಅದನ್ನು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ತಿರುಗಿಸಿ. ಫೈಲನ್ನು ಯುಟಿಎಫ್-8 ಆಗಿ ಉಳಿಸಿ. ಸಬ್‌ಟೈಟಲ್ ಬರುವುದೇ ಇಲ್ಲ ಎಂದರೆ ಸಮಯದ ಅಂಕೆ ನೋಡಿ. ಎಸ್‌ಆರ್‌ಟಿ ಫೈಲಿನಲ್ಲಿ ಸೆಕೆಂಡಿನ ಅಂಕೆಯ ನಂತರ ಅಲ್ಪವಿರಾಮ ಇರುತ್ತದೆ. ವೆಬ್ ಬಳಸುವ ವಿಟಿಟಿ ಫೈಲಿನಲ್ಲಿ ಅಲ್ಲಿ ಚುಕ್ಕೆ ಬೇಕು, ಮೊದಲ ಸಾಲಿನಲ್ಲಿ "ವೆಬ್‌ವಿಟಿಟಿ" ಎಂಬ ಪದ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಇರಬೇಕು.

ಎಲ್ಲ ಸರಿ ಇದೆ, ಫೋನ್ ಮಾತ್ರ ಬರುತ್ತಿಲ್ಲ

ಇದೂ ದೋಷವೇ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ದೋಷ. ವಿಡಿಯೊ ತಾಂತ್ರಿಕವಾಗಿ ಸರಿ ಇದೆ, ಆದರೆ ಗಿರಾಕಿಯ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ.

ಬಿದ್ರಿ ಕೊಳ್ಳುವವರ ಮೊದಲ ಪ್ರಶ್ನೆ "ಇದು ಅಸಲಿಯಾ?" ಎಂಬುದು. ಬಿದ್ರಿಗೆ 2006ರಲ್ಲೇ ಜಿಐ ಟ್ಯಾಗ್ (ಇಂಥ ಊರಿನದು ಎಂಬ ಭೌಗೋಳಿಕ ಗುರುತು) ಸಿಕ್ಕಿದೆ. ಆದರೆ ಪರದೆಯ ಮೇಲಿನ ಒಂದು ಮುದ್ರೆಗಿಂತ ಕೆಲಸ ನಡೆಯುವುದನ್ನು ತೋರಿಸಿದರೆ ನಂಬಿಕೆ ಹೆಚ್ಚು. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿದ ಮೇಲೆ ಸಾಮಾನು ಇನ್ನೂ ಬೂದು ಬಣ್ಣದಲ್ಲೇ ಇರುತ್ತದೆ. ಬೆಳ್ಳಿ ಎಲ್ಲಿ, ಲೋಹ ಎಲ್ಲಿ ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಲೇಪ ತಾಗಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿದು ಎದ್ದು ಕಾಣುತ್ತದೆ. ಇಡೀ ಕೆಲಸದಲ್ಲಿ ಕಣ್ಣು ಕೀಳಲಾಗದ ಕೆಲವು ಸೆಕೆಂಡುಗಳು ಇವೇ. ಆದರೆ ಬಹುಪಾಲು ವಿಡಿಯೊಗಳಲ್ಲಿ ಮೊದಲು ಲೋಗೊ ತಿರುಗುತ್ತದೆ, ಆಮೇಲೆ ಡ್ರೋನ್‌ನಲ್ಲಿ ಕೋಟೆ, ಆಮೇಲೆ ಅಂಗಡಿಯ ಬೋರ್ಡು. ಕಪ್ಪಾಗುವ ಕ್ಷಣ ಬರುವ ಹೊತ್ತಿಗೆ ನೋಡುವವರು ಹೋಗಿರುತ್ತಾರೆ. ಅದನ್ನು ಕತ್ತರಿಸಿ ಮೊದಲಿಗೆ ತನ್ನಿ. ಲೋಗೊ ಕೊನೆಗೆ ಹೋಗಲಿ.

ದಾಲ್ ಮಿಲ್ಲಿನವರದೂ ಇದೇ ಕಥೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ಕೊಳ್ಳುವವರು ಕೇಳುವುದು ಎರಡೇ: ಪಾಲಿಶ್ ಹಾಕಿದ್ದಾ, ಬೇಗ ಬೇಯುತ್ತದಾ. ವಿಡಿಯೊದಲ್ಲಿ ಮಾತ್ರ ಮಾಲೀಕರ ಭಾಷಣ, ಹೊಸ ಯಂತ್ರದ ಉದ್ಘಾಟನೆ. ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ಹರಡಿ ಹತ್ತಿರದಿಂದ ತೋರಿಸಿ. ಬೇಯಿಸಿ, ಚಮಚದಿಂದ ಹಿಸುಕಿ ತೋರಿಸಿ. ಉದ್ಘಾಟನೆಯ ವಿಡಿಯೊ "ನಮ್ಮ ಬಗ್ಗೆ" ಪುಟದಲ್ಲಿರಲಿ.

ಜಾಗವೂ ಮುಖ್ಯ. ವಿಡಿಯೊಗಳನ್ನೆಲ್ಲ "ಗ್ಯಾಲರಿ" ಪುಟದಲ್ಲಿ ಗುಡ್ಡೆ ಹಾಕಿದರೆ ಯಾರೂ ಹೋಗುವುದಿಲ್ಲ. ಹೂಜಿಯ ವಿಡಿಯೊ ಹೂಜಿಯ ಪುಟದಲ್ಲಿ, ಬೆಲೆಯ ಹತ್ತಿರ ಇರಬೇಕು. ಗೂಗಲ್‌ನ ವಿಡಿಯೊ ಹುಡುಕಾಟದಲ್ಲೂ ಬರಬೇಕು ಎಂದಿದ್ದರೆ ವಿಡಿಯೊವೇ ಮುಖ್ಯವಾಗಿರುವ ಒಂದು ಪುಟ ಬೇರೆ ಮಾಡಿ. 2023ರ ಕೊನೆಯಿಂದ ಗೂಗಲ್ ಆ ವಿಭಾಗದಲ್ಲಿ ಅಂಥ ಪುಟಗಳನ್ನೇ ತೋರಿಸುತ್ತಿದೆ. ಗೂಗಲ್‌ನಲ್ಲಿ ಸೈಟಿನ ಸ್ಥಿತಿ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ, ಈ ಪುಟದಲ್ಲಿ ವಿಡಿಯೊ ಮುಖ್ಯವಲ್ಲ ಎಂಬ ಅರ್ಥದ ಸೂಚನೆ ಕಂಡು ಗಾಬರಿಯಾಗುವವರಿದ್ದಾರೆ. ಮಾರಾಟದ ಪುಟಕ್ಕೆ ಆ ಸೂಚನೆ ಬಂದರೆ ಬರಲಿ, ಅಲ್ಲಿ ಸಾಮಾನೇ ಮುಖ್ಯ.

ಕೊನೆಗೆ, ಯಾವ ವಿಡಿಯೊದಿಂದ ಗಿರಾಕಿ ಬಂದರು ಎಂದು ತಿಳಿಯದಿದ್ದರೆ ಯಾವುದನ್ನು ಸರಿ ಮಾಡಬೇಕು ಎಂದೂ ತಿಳಿಯುವುದಿಲ್ಲ. ಪ್ರತಿ ವಿಡಿಯೊದ ಕೆಳಗೆ ಒಂದು ವಾಟ್ಸಾಪ್ ಗುಂಡಿ ಹಾಕಿ. ಒತ್ತಿದಾಗ ಸಂದೇಶದಲ್ಲಿ ಆ ಸಾಮಾನಿನ ಹೆಸರು ಮೊದಲೇ ಬರೆದಿರುವಂತೆ ಲಿಂಕ್ ಮಾಡಬಹುದು. "ಬಿದ್ರಿ ಹೂಜಿ ವಿಡಿಯೊ ನೋಡಿದೆ, ಬೆಲೆ ಎಷ್ಟು?" ಎಂದು ಸಂದೇಶ ಬಂದಾಗ ಅದು ಎಲ್ಲಿಂದ ಬಂತು ಎಂದು ಯಾರನ್ನೂ ಕೇಳಬೇಕಿಲ್ಲ. ಒಂದು ತಿಂಗಳು ಬಿಟ್ಟು ಎಣಿಸಿ. ಒಂದೂ ಸಂದೇಶ ತರದ ವಿಡಿಯೊವನ್ನು ಮೊದಲು ಬಿಚ್ಚಿ ನೋಡಿ, ಅದರ ಮೊದಲ ಐದು ಸೆಕೆಂಡಿನಿಂದ ಶುರು ಮಾಡಿ.